ನಾಲಗೆ ನಂಬಿ ಕಟ್ಟಿದ ಕಂಪನಿ

ಸಲಹೆ ಕೊಡುವುದಕ್ಕೆ ನಮ್ಮ ಭಾಗಮಂಡಲದಲ್ಲಿ ಯಾರೂ ಹಣ ಕೇಳುವುದಿಲ್ಲ. ಮಡಿಕೇರಿ ಬಸ್ಸಿಗೆ ಕಾಯುತ್ತ ನಿಂತರೆ ಸಾಕು. ಮೆಣಸಿನ ಬಳ್ಳಿ ಯಾಕೆ ಹಳದಿ ತಿರುಗಿತು, ಮಗಳನ್ನು ಯಾವ ಕಾಲೇಜಿಗೆ ಹಾಕಬೇಕು, ಮಂಡಿನೋವಿಗೆ ಏನು ಹಚ್ಚಬೇಕು, ಎಲ್ಲಕ್ಕೂ ಉತ್ತರ ಸಿಗುತ್ತದೆ. ಅಕ್ಕರೆಯಿಂದಲೇ ಹೇಳುತ್ತಾರೆ. ಆದರೆ ಈ ಅಕ್ಕರೆಯ ಸಲಹೆಯಲ್ಲಿ ಒಂದು ಮಾತು ಮಾತ್ರ ಬರುವುದಿಲ್ಲ: "ನೀವು ಬೆಳೆದ ಕಾಫಿಗೆ ರುಚಿ ಸಾಲದು." ಮನೆಗೆ ಬಂದ ನೆಂಟರು ಲೋಟ ಬರಿದು ಮಾಡಿ "ಕಾಫಿ ಬಹಳ ಚೆನ್ನಾಗಿದೆ" ಅನ್ನುತ್ತಾರೆ. ಚೀಲ ಕೊಳ್ಳಲು ಬಂದ ವ್ಯಾಪಾರಿ ರುಚಿಯ ಸುದ್ದಿಯನ್ನೇ ಎತ್ತುವುದಿಲ್ಲ. ಹಾಗಾಗಿ ಐವತ್ತು ವರ್ಷ ಕಾಫಿ ಬೆಳೆದ ಹಿರಿಯರಿಗೂ ತಮ್ಮ ತೋಟದ ಬೀಜ ಬಟ್ಟಲಿಗೆ ಬಿದ್ದಾಗ ಹೇಗಿರುತ್ತದೆ ಎಂದು ಹೇಳಿದವರಿಲ್ಲ.

ಆ ಮಾತನ್ನು ಮುಖ ನೋಡದೆ ಹೇಳುವುದನ್ನೇ ವೃತ್ತಿ ಮಾಡಿಕೊಂಡು, ಆ ವೃತ್ತಿಯ ಮೇಲೆ ಬೆಂಗಳೂರಿನಲ್ಲಿ ಒಂದು ಕಂಪನಿ ಕಟ್ಟಿದವರು ಸುನಾಲಿನಿ ಮೆನನ್. ಕಂಪನಿಯ ಹೆಸರು ಕಾಫಿಲ್ಯಾಬ್. ಏಷ್ಯಾದಲ್ಲೇ ಕಾಫಿ ರುಚಿ ನೋಡುವುದನ್ನು ವೃತ್ತಿಯಾಗಿ ಹಿಡಿದ ಮೊದಲ ಮಹಿಳೆ ಎಂದು ಅವರನ್ನು ಕಾಫಿ ಲೋಕ ಗುರುತಿಸುತ್ತದೆ. ಕನ್ಸಲ್ಟಿಂಗ್ ಕಂಪನಿ ಎಂದೊಡನೆ ಕಣ್ಣ ಮುಂದೆ ಬರುವುದು ಗಾಜಿನ ಕಟ್ಟಡ, ಲ್ಯಾಪ್‌ಟಾಪು, ದೊಡ್ಡ ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು. ಇಲ್ಲಿ ಬಂಡವಾಳವೆಂದರೆ ಒಬ್ಬ ಹೆಣ್ಣುಮಗಳ ಮೂಗು, ನಾಲಗೆ, ಅವುಗಳಿಗೆ ಕೊಟ್ಟ ದಶಕಗಳ ತರಬೇತಿ. ನನಗೆ ಇದು ಕಾವೇರಿ ಸೀಮೆಯ ಪ್ರತಿ ಕಾಫಿ ಬೆಳೆಗಾರರ ಮನೆಯಲ್ಲೂ ಮಾತಾಗಬೇಕಾದ ಜೀವನ ಅನ್ನಿಸುತ್ತದೆ.

ಯಾಕೆ ಅಂದರೆ, ನಾವು ಕಾಫಿಯನ್ನು ತೂಗಿದವರು, ಸವಿದವರಲ್ಲ. ನಮ್ಮಲ್ಲಿ ಚೆರಿ ಕಾಫಿ ಮಾರುವ ಕ್ರಮ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿ 50 ಕೆ.ಜಿ. ಚೀಲ ತುಂಬಿಸುತ್ತೇವೆ. ವ್ಯಾಪಾರಿ ಚೀಲದ ಬದಿಗೆ ಚೂಪು ಕೊಳವೆ ಚುಚ್ಚಿ ಒಂದಿಷ್ಟು ಕಾಫಿ ಎಳೆಯುತ್ತಾರೆ. ಅದನ್ನು ಚಿಕ್ಕ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸುತ್ತಾರೆ, ಉಳಿದ ಬೀಜ ತೂಗುತ್ತಾರೆ. 50 ಕೆ.ಜಿ.ಗೆ 26 ಕೆ.ಜಿ. ಬೀಜ ಬೀಳುವ ಲೆಕ್ಕವಾದರೆ ಔಟ್ ಟರ್ನ್ 26. ತೇವದ ಮೀಟರಿನಲ್ಲಿ ಇನ್ನೊಂದು ಅಂಕಿ ನೋಡುತ್ತಾರೆ. ಈ ಎರಡು ಅಂಕಿಗಳ ಮೇಲೆ ವರ್ಷದ ದುಡಿಮೆಯ ಬೆಲೆ ತೀರ್ಮಾನವಾಗುತ್ತದೆ. ಔಟ್ ಟರ್ನ್ ಅರ್ಧ ಪಾಯಿಂಟು ಮೇಲೆ ಕೆಳಗೆ ಆದರೆ ಅಂಗಳದಲ್ಲಿ ಮಾತು ಏರುತ್ತದೆ. ಹಣ್ಣಾಗಿದ್ದನ್ನು ಮಾತ್ರ ಕುಯ್ದಿದ್ದೋ, ಹಸುರು ಕಾಯಿಯನ್ನೂ ಸೇರಿಸಿ ಗೀಚಿದ್ದೋ, ಗಿಡದ ಬುಡದಲ್ಲಿ ಉದುರಿ ಮಣ್ಣು ಹಿಡಿದದ್ದನ್ನು ಬೆರೆಸಿದ್ದೋ, ಈ ಪ್ರಶ್ನೆ ಬೆಲೆಯ ತನಕ ಹೋಗಿ ಮುಟ್ಟುವುದೇ ಅಪರೂಪ.

ಭಾಗಮಂಡಲದ ಮಳೆಯ ವಿಷಯ ಇಲ್ಲಿ ಹೇಳದೆ ಮುಂದೆ ಹೋಗಲಾಗದು. ವರ್ಷಕ್ಕೆ 5000 ಮಿಲಿಮೀಟರ್ ದಾಟುವುದು ನಮಗೆ ಸುದ್ದಿಯೇ ಅಲ್ಲ. ಜುಲೈ, ಆಗಸ್ಟಿನಲ್ಲಿ ಕಾವೇರಿ, ಕನ್ನಿಕೆ ಎರಡೂ ತುಂಬಿ ತ್ರಿವೇಣಿ ಸಂಗಮ ಮುಳುಗುತ್ತದೆ. ಮೂರನೆಯವಳಾದ ಸುಜ್ಯೋತಿ ಗುಪ್ತಗಾಮಿನಿ ಎನ್ನುತ್ತಾರೆ, ಆ ತಿಂಗಳುಗಳಲ್ಲಿ ಮೂವರಲ್ಲಿ ಯಾರು ಯಾರೆಂದು ತಿಳಿಯುವುದಿಲ್ಲ. ನಾಪೋಕ್ಲು ಕಡೆಯ ರಸ್ತೆಗೆ ನೀರು ಬಂದು ಊರು ನಿಂತುಬಿಡುತ್ತಿದ್ದ ಕಾಲ ಕಂಡಿದ್ದೇವೆ. ಈಗ ಮೇಲ್ಸೇತುವೆ ಇದೆ. ತುಲಾ ಸಂಕ್ರಮಣಕ್ಕೆ, ಅಂದರೆ ಅಕ್ಟೋಬರ್ ನಡುವಿಗೆ, ತಲಕಾವೇರಿಯಲ್ಲಿ ತೀರ್ಥೋದ್ಭವ ನೋಡಲು ಬಂದ ಜನ ಭಗಂಡೇಶ್ವರನಿಗೂ ಕೈಮುಗಿದು ಹೋಗುವ ಹೊತ್ತಿಗೆ ಮಳೆ ಕಡಿಮೆಯಾಗಿರುತ್ತದೆ. ಪೂರ್ತಿ ಬಿಟ್ಟಿರುವುದಿಲ್ಲ. ನವೆಂಬರಿನಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತದೆ, ಆಗಲೂ ಮಧ್ಯಾಹ್ನ ಮೋಡ ಕಟ್ಟುತ್ತದೆ. ಕಣದಲ್ಲಿ ಹರಡಿದ ಹಣ್ಣನ್ನು ಓಡೋಡಿ ರಾಶಿ ಮಾಡಿ ಟಾರ್ಪಾಲು ಮುಚ್ಚುತ್ತೇವೆ. ಎರಡು ದಿನ ಬಿಸಿಲು ಬಾರದಿದ್ದರೆ ಟಾರ್ಪಾಲಿನ ಅಡಿ ರಾಶಿ ಬಿಸಿಯಾಗುತ್ತದೆ, ಕೈ ಹಾಕಿದರೆ ತಿಳಿಯುತ್ತದೆ. ಹೆಂಡದ ಹುಳಿ ವಾಸನೆ ಏಳುತ್ತದೆ. ಆಮೇಲೆ ಬಿಸಿಲು ಬಂದು ಒಣಗಿ ತೇವದ ಮೀಟರ್ ಸರಿ ಅಂಕಿ ತೋರಿಸಬಹುದು. ಔಟ್ ಟರ್ನೂ ಸರಿ ಬರಬಹುದು. ಆ ಹುಳಿ ಮಾತ್ರ ಬೀಜದೊಳಗೆ ಕುಳಿತಿರುತ್ತದೆ, ಕುಡಿಯುವವರ ಬಟ್ಟಲಲ್ಲಿ ಎದ್ದು ಬರುತ್ತದೆ.

ಇದನ್ನು ಹಿಡಿಯುವ ಸಾಧನ ಒಂದೇ, ಪಳಗಿದ ನಾಲಗೆ.

ಸುನಾಲಿನಿ ಮೆನನ್ ಓದಿದ್ದು ಆಹಾರ ತಂತ್ರಜ್ಞಾನ. 1972ರಲ್ಲಿ ಕಾಫಿ ಮಂಡಳಿಯ ರುಚಿ ಪರೀಕ್ಷೆ ವಿಭಾಗಕ್ಕೆ ಸೇರಿದರು. ಆ ಕಾಲದ ಮಂಡಳಿ ಏನಾಗಿತ್ತು ಎಂದು ಈಗಿನ ಹುಡುಗರಿಗೆ ಹೇಳಬೇಕಾಗುತ್ತದೆ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಮನೆ ಬಳಕೆಗೆ, ಬಿತ್ತನೆಗೆ ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನು ಪೂಲ್‌ಗೆ ಒಪ್ಪಿಸಬೇಕು. ಎಲ್ಲರ ಕಾಫಿ ಒಟ್ಟಾಗಿ ಮಂಡಳಿಯ ಹರಾಜಿಗೆ ಹೋಗುತ್ತಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಪೂಲ್ ಹಣ ಬಂದ ಮೇಲೆ ಮದುವೆ ಮಾಡೋಣ, ಪೂಲ್ ಹಣ ಬಂದ ಮೇಲೆ ಹೆಂಚು ಹಾಕಿಸೋಣ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಸದಾ ಇತ್ತು. ಆ ವ್ಯವಸ್ಥೆ ಬೆಳೆಗಾರನಿಗೆ ಕಷ್ಟಕಾಲದಲ್ಲಿ ಆಸರೆಯಾಗಿದ್ದು ನಿಜ. ಆದರೆ ಕಾಫಿ ಪೂಲ್‌ಗೆ ಬಿದ್ದ ಮೇಲೆ ಅದು ಭಾಗಮಂಡಲದ್ದೂ ಅಲ್ಲ, ಸುಂಟಿಕೊಪ್ಪದ್ದೂ ಅಲ್ಲ, ಬರೀ ಕಾಫಿ. ರುಚಿಯ ತೀರ್ಪು ಬೆಂಗಳೂರಿನ ಒಂದು ಕೋಣೆಯಲ್ಲಿ ನಡೆಯುತ್ತಿತ್ತು. ಆ ಕೋಣೆಯೊಳಗೆ, ಗಂಡಸರೇ ಇದ್ದ ಕಡೆ, ಒಬ್ಬ ಯುವತಿ ಚಮಚ ಹಿಡಿದು ನಿಂತರು. ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ದುಡಿದು ಗುಣಮಟ್ಟ ನಿಯಂತ್ರಣದ ನಿರ್ದೇಶಕಿಯಾದರು.

ಅದೇ ಹೊತ್ತಿಗೆ ಭೂಮಿಯ ಇನ್ನೊಂದು ಬದಿಯಲ್ಲಿ ನಡೆದದ್ದು ನೆನಪಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕಾಫಿ ವ್ಯಾಪಾರದ ಕಂಪನಿಯಲ್ಲಿ ಎರ್ನಾ ಕ್ನುಟ್ಸೆನ್ ಎಂಬ ನಾರ್ವೆ ಮೂಲದ ಮಹಿಳೆ ಕಾರ್ಯದರ್ಶಿಯಾಗಿದ್ದರು. ರುಚಿ ನೋಡುವ ಕೋಣೆಗೆ ಅವರನ್ನು ಬಿಡಲು ಅಲ್ಲಿನ ಗಂಡಸರಿಗೆ ಮನಸ್ಸಿರಲಿಲ್ಲ. ಪಟ್ಟು ಹಿಡಿದು ಒಳಗೆ ಹೋದರು, ಕಲಿತರು. 1974ರಲ್ಲಿ ಒಂದು ವ್ಯಾಪಾರ ಪತ್ರಿಕೆಗೆ ಮಾತಾಡುತ್ತ "ಸ್ಪೆಷಾಲಿಟಿ ಕಾಫಿ" ಎಂಬ ಹೆಸರು ಬಳಸಿದರು. ಒಂದೊಂದು ಊರಿನ ಮಣ್ಣು, ಎತ್ತರ, ಮಳೆ ಕಾಫಿಗೆ ಬೇರೆಬೇರೆ ಗುಣ ಕೊಡುತ್ತವೆ, ಅದನ್ನು ಗುರುತಿಸಿ ಬೇರೆಯಾಗಿಯೇ ಮಾರಬೇಕು ಎಂಬುದು ಅವರ ವಾದ. 1985ರಲ್ಲಿ ಆ ಕಂಪನಿಯನ್ನೇ ಕೊಂಡರು. ಸುನಾಲಿನಿ, ಎರ್ನಾ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಒಂದೇ ಬಾಗಿಲು ತಟ್ಟಿದವರು. ಒಬ್ಬರು ಕೊಳ್ಳುವ ದೇಶದಲ್ಲಿ, ಇನ್ನೊಬ್ಬರು ಬೆಳೆಯುವ ದೇಶದಲ್ಲಿ. ಬೆಳೆಯುವ ದೇಶದಲ್ಲಿ ತಟ್ಟುವುದು ಹೆಚ್ಚು ಕಷ್ಟ ಎಂದು ನನ್ನ ಎಣಿಕೆ. ಇಲ್ಲಿ ಬೆಳೆದವರಿಗೇ ತಮ್ಮ ಕಾಫಿಗೆ ಹೆಸರಿರಬಹುದೆಂಬ ನಂಬಿಕೆ ಇರಲಿಲ್ಲ.

ಹೆಂಗಸರಿಗೆ ಕಾಫಿಯ ಗುಣ ಗೊತ್ತಿರಲಿಲ್ಲವೇ? ಗೊತ್ತಿದ್ದದ್ದೇ ಅವರಿಗೆ. ಕೊಯ್ಲಿನಲ್ಲಿ ಕೆಂಪು ಹಣ್ಣು ಆರಿಸಿ ಬುಟ್ಟಿಗೆ ಹಾಕುವ ಕೈ ಅವರದು. ಕಣದಲ್ಲಿ ಗಂಟೆಗೊಮ್ಮೆ ಕಾಫಿ ತಿರುವಿ ಹಾಕುವವರು ಅವರು. ಕಾಫಿ ಸಿಪ್ಪೆ ಬಿಡಿಸಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ ಬರುವ ಮೊದಲು, ಸಾಲಾಗಿ ಕುಳಿತು ಕರಿ ಬೀಜ, ಒಡಕು ಬೀಜ, ಹುಳ ತಿಂದ ಬೀಜ ಹೆಕ್ಕಿದವರೆಲ್ಲ ಹೆಂಗಸರು. ಬೆಳಗಿಂದ ಸಂಜೆ ತನಕ ಹೆಕ್ಕಿದರೂ ಕಣ್ಣು ತಪ್ಪದ ಅವರ ಕೆಲಸಕ್ಕೆ ದಿನಗೂಲಿ. ಅದೇ ಬೀಜವನ್ನು ಹುರಿದು, ಬಟ್ಟಲಿಗೆ ಹಾಕಿ, ಇದು ಒಳ್ಳೆಯದು ಇದು ಅಲ್ಲ ಎಂದು ಹೇಳುವ ಕುರ್ಚಿ ಮಾತ್ರ ಬೇರೆಯವರದ್ದಾಗಿತ್ತು. ಸುನಾಲಿನಿಯವರ ಸಾಧನೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅವರು ಆ ಕುರ್ಚಿಯಲ್ಲಿ ಕುಳಿತದ್ದು.

ಆಮೇಲೆ ಕಾಲ ಮಗುಚಿತು. ಜಗತ್ತಿನ ಕಾಫಿ ದೇಶಗಳು ತಮ್ಮ ತಮ್ಮ ಪಾಲು ಹಂಚಿಕೊಂಡು ಬೆಲೆ ಕಾಯುತ್ತಿದ್ದ ಒಪ್ಪಂದ 1989ರ ಜುಲೈಯಲ್ಲಿ ಮುರಿದುಬಿತ್ತು, ಬೆಲೆ ಕುಸಿಯಿತು. 1992ರಿಂದ 1996ರ ಒಳಗೆ ನಮ್ಮ ಪೂಲ್ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು, ಕೊನೆಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಯಾರಿಗೆ ಬೇಕಾದರೂ ಮಾರಬಹುದು ಎಂದಾಯಿತು. ಸ್ವಾತಂತ್ರ್ಯವೇನೋ ಬಂತು. ಸ್ವಂತ ಮಾರಲು ಹೊರಟವನಿಗೆ ತನ್ನ ಸರಕು ಎಂಥದ್ದೆಂದು ತಿಳಿದಿರಬೇಕಲ್ಲ? ಸುನಾಲಿನಿ ಮೆನನ್ ಮಂಡಳಿಯಿಂದ ಹೊರಬಂದು ಕಾಫಿಲ್ಯಾಬ್ ತೆರೆದದ್ದು 1990ರ ದಶಕದ ಉತ್ತರಾರ್ಧದಲ್ಲಿ, ಸರಿಯಾಗಿ ಈ ಪ್ರಶ್ನೆ ಹುಟ್ಟಿದ ಹೊತ್ತಿನಲ್ಲಿ. ಪಿಂಚಣಿ ಸಿಗುವ ಕೆಲಸ, ದೊಡ್ಡ ಹುದ್ದೆ. ಅದನ್ನು ಬಿಟ್ಟು, ಕಾಫಿಯ ರುಚಿಗೆ ಸಲಹೆ ಕೇಳಿ ಹಣ ಕೊಡುವವರು ಈ ದೇಶದಲ್ಲಿ ಸಿಗುತ್ತಾರೆ ಎಂದು ನಂಬಿದ ಧೈರ್ಯವನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ಅಂಥ ಕಂಪನಿಯಲ್ಲಿ ಏನು ನಡೆಯುತ್ತದೆ? ಕೇಳಲು ಸರಳ. ಹಸಿ ಬೀಜದ ಬಣ್ಣ, ಗಾತ್ರ, ವಾಸನೆ ನೋಡುತ್ತಾರೆ, ದೋಷವಿರುವ ಬೀಜ ಎಣಿಸುತ್ತಾರೆ. ಹದವಾಗಿ, ಕಪ್ಪಾಗದಂತೆ ಹುರಿಯುತ್ತಾರೆ. ಕಪ್ಪಗೆ ಹುರಿದರೆ ಎಲ್ಲ ಕಾಫಿಯೂ ಒಂದೇ ತರ ಕಹಿಯಾಗಿ ದೋಷ ಮರೆಯಾಗುತ್ತದೆ. ತರಿತರಿಯಾಗಿ ಪುಡಿ ಮಾಡಿ ಒಂದೇ ಅಳತೆಯ ಬಟ್ಟಲುಗಳಿಗೆ ಹಾಕುತ್ತಾರೆ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ ಎಂಬುದು ರೂಢಿಯ ಲೆಕ್ಕ. ಮೊದಲು ಒಣ ಪುಡಿಯ ಪರಿಮಳ. ಆಮೇಲೆ ಕುದಿಯಿಂದ ತುಸು ಇಳಿದ ಬಿಸಿನೀರು. ನಾಲ್ಕು ನಿಮಿಷ ಬಿಟ್ಟರೆ ಮೇಲೆ ಪುಡಿಯ ಕೆನೆ ಕಟ್ಟುತ್ತದೆ. ಮೂಗನ್ನು ಬಟ್ಟಲಿಗೆ ತಾಗುವಷ್ಟು ಬಗ್ಗಿಸಿ, ಚಮಚದ ಹಿಂಬದಿಯಿಂದ ಆ ಕೆನೆ ಒಡೆಯುತ್ತಾರೆ. ಒಳಗೆ ಅಡಗಿದ್ದ ಪರಿಮಳ ಆ ಒಂದು ಕ್ಷಣದಲ್ಲಿ ಮೇಲೆ ಬರುತ್ತದೆ, ಒಳ್ಳೆಯದಾದರೂ ಕೆಟ್ಟದಾದರೂ. ತುಸು ತಣಿದ ಮೇಲೆ ಚಮಚ ತುಟಿಗಿಟ್ಟು ಸೊರ್ರನೆ ಎಳೆಯುತ್ತಾರೆ, ಕೋಣೆಯ ಆ ತುದಿಗೆ ಕೇಳುವ ಹಾಗೆ. ಕಾಫಿ ಸಣ್ಣ ಹನಿಗಳಾಗಿ ಬಾಯಿ ತುಂಬ ಹರಡಿ ಮೂಗಿನ ಹಿಂದಕ್ಕೂ ಹೋಗಬೇಕು. ಬಾಯಲ್ಲಿ ಹೊರಳಿಸಿ ಉಗುಳುತ್ತಾರೆ. ಹುಳಿ, ಸಿಹಿ, ಮೈತುಂಬಿಕೊಂಡ ಗುಣ, ಉಗುಳಿದ ಮೇಲೆ ಉಳಿಯುವ ರುಚಿ, ಒಂದು ಬಟ್ಟಲಿಂದ ಇನ್ನೊಂದಕ್ಕೆ ಹೊಂದಿಕೆ, ಒಂದೊಂದಕ್ಕೂ ಅಂಕ. ನೂರಕ್ಕೆ 80 ದಾಟಿದರೆ ಸ್ಪೆಷಾಲಿಟಿ. ಕಾಫಿ ತಣ್ಣಗಾಗುತ್ತ ಹೋದಂತೆ ಮತ್ತೆ ಮತ್ತೆ ನೋಡುತ್ತಾರೆ. ಬಿಸಿಯಲ್ಲಿ ಮುಚ್ಚಿಕೊಂಡ ದೋಷ ತಣಿದಾಗ ಹೊರಬೀಳುತ್ತದೆ.

ಈ ಕೆಲಸ ಮಾಡುವವರು ಸೆಂಟು ಹಾಕಿಕೊಳ್ಳುವುದಿಲ್ಲ. ಪರೀಕ್ಷೆಗೆ ಮೊದಲು ಖಾರ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ನೆಗಡಿ ಬಂದರೆ ಕೆಲಸವೇ ಇಲ್ಲ. ಇಡೀ ಬದುಕನ್ನು ನಾಲಗೆಗೆ ತಕ್ಕಂತೆ ಹೊಂದಿಸಿಕೊಳ್ಳುವ ಶಿಸ್ತು ಅದು. ಸಂಗೀತದವರು ಗಂಟಲು ಕಾಯುವ ಹಾಗೆ.

ಅಂಕ ಕೊಟ್ಟು ಕಳಿಸಿಬಿಟ್ಟರೆ ಅದು ಪರೀಕ್ಷೆ. ಸಲಹೆ ಶುರುವಾಗುವುದು ಆಮೇಲೆ. ಬಟ್ಟಲಲ್ಲಿ ಮಣ್ಣಿನ ವಾಸನೆ ಬಂತೋ, ಕಣದ ನೆಲ ಯಾವುದು ಎಂದು ಕೇಳಬೇಕು. ಕೊಳೆತ ಹುಳಿ ಬಂತೋ, ಹಣ್ಣು ಕುಯ್ದು ಎಷ್ಟು ಹೊತ್ತು ಚೀಲದಲ್ಲೇ ಇಟ್ಟಿರಿ ಎಂದು ಕೇಳಬೇಕು. ರಾಸಾಯನಿಕದ ವಾಸನೆ ಬಂತೋ, ಒಣಗಿದ ಕಾಫಿಯನ್ನು ಗೊಬ್ಬರದ ಚೀಲದ ಪಕ್ಕ ಇಟ್ಟಿರಾ ಎಂದು ಕೇಳಬೇಕು. ಬೀಜ ಸುತ್ತಲ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಬಟ್ಟಲಿಂದ ಹಿಂದೆ ನಡೆಯುತ್ತ ಗೋದಾಮು, ಕಣ, ಬುಟ್ಟಿ, ಗಿಡದ ತನಕ ಹೋಗಿ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ಈ ವಿದ್ಯೆ. ಕೇಳಿದವರ ಮನಸ್ಸಿಗೆ ನೋವಾದರೂ ಮುಂದಿನ ವರ್ಷ ತಿದ್ದಿಕೊಳ್ಳಲು ದಾರಿ ಸಿಗುತ್ತದೆ. ಇದಕ್ಕೆ ಶುಲ್ಕ ಕೊಡಬೇಕೇ ಎಂದು ನಮ್ಮವರು ಕೇಳುತ್ತಾರೆ. ಕೊಡಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಚೀಲ ಕೊಳ್ಳುವವರ ಹಂಗಿಲ್ಲದೆ, ಮಾರುವವರ ದಾಕ್ಷಿಣ್ಯವಿಲ್ಲದೆ ಹೇಳುವ ಮಾತಿಗೆ ಆ ಶುಲ್ಕವೇ ರಕ್ಷೆ.

ಆಂಧ್ರದ ಅರಕು ಕಣಿವೆಯ ಉದಾಹರಣೆ ನೋಡಿ. ಅಲ್ಲಿ ಬೆಳೆಗಾರರು ಆದಿವಾಸಿಗಳು, ತುಂಡು ತುಂಡು ಜಮೀನು. ನಾಂದಿ ಫೌಂಡೇಶನ್ ಎಂಬ ಸಂಸ್ಥೆ ಅಲ್ಲಿನ ಕಾಫಿಗೆ "ಜೆಮ್ಸ್ ಆಫ್ ಅರಕು" ಎಂಬ ರುಚಿಯ ಸ್ಪರ್ಧೆ ನಡೆಸಿತು. ತೀರ್ಪಿನ ಮೇಜಿಗೆ ಹೊರದೇಶದ ಪರಿಣತರನ್ನು ಕರೆಸಿದ ಆ ಕೆಲಸದಲ್ಲಿ ಸುನಾಲಿನಿ ಮೆನನ್ ಮುಂದಾಳು. ತನ್ನ ಬೆಟ್ಟದ ಬೀಜಕ್ಕೆ ಪರದೇಶದವರು ಅಂಕ ಕೊಡುವುದನ್ನು ಆ ಬೆಳೆಗಾರ ಕಣ್ಣಾರೆ ಕಂಡ. 2017ರಲ್ಲಿ ಅರಕು ಹೆಸರಿನ ಕಾಫಿ ಅಂಗಡಿ ಪ್ಯಾರಿಸ್ಸಿನಲ್ಲೇ ತೆರೆಯಿತು. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲು ಬೆಳೆಯುವ ಕೊಡಗಿನ ನಾವು ಇದನ್ನು ಓದಿ ಸುಮ್ಮನಿರಬಾರದು. 2019ರಲ್ಲಿ ಕೂರ್ಗ್ ಅರೇಬಿಕಾಗೆ ಭೌಗೋಳಿಕ ಗುರುತು ಸಿಕ್ಕಿತು, ಅರಕುವಿಗೂ ಅದೇ ವರ್ಷ. ಗುರುತಿನ ಚೀಟಿ ಇಬ್ಬರ ಕೈಯಲ್ಲೂ ಇದೆ. ಒಳಗಿನ ರುಚಿಯನ್ನು ಬೆಳೆಗಾರನ ಮನೆಬಾಗಿಲಿಗೆ ತಂದು ಹೇಳುವ ಕೆಲಸ ನಮ್ಮಲ್ಲಿ ಸಾಲದು.

ಜೇನಿನ ಮಾತು ಬಾರದೆ ಭಾಗಮಂಡಲದ ಹರಟೆ ಮುಗಿಯುವುದುಂಟೇ? ರೊಬಸ್ಟಾ ಕಾಫಿ ಗಿಡ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಗಾಳಿಯ ಜೊತೆ ಆ ಕೆಲಸ ಮಾಡುವವು ಜೇನು. ಫೆಬ್ರವರಿ, ಮಾರ್ಚಿನ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ದಿನ ಪೆಟ್ಟಿಗೆ ಇಟ್ಟವರ ಮನೆಯಲ್ಲೂ ಹಬ್ಬ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ತುಡುವೆ ಜೇನಿನ ಪೆಟ್ಟಿಗೆಗಳು ಖಾಲಿಯಾದವು. ಅದನ್ನು ಕಂಡವರು ಇಂದಿಗೂ ಮರೆತಿಲ್ಲ. ಇಷ್ಟೆಲ್ಲ ಆದರೂ ಭಾಗಮಂಡಲದ ಜೇನು ಎಂದರೆ ಬೆಂಗಳೂರಲ್ಲೂ ಕೇಳಿ ಕೊಳ್ಳುತ್ತಾರೆ. ಜೇನಿಗೆ ಊರಿನ ಹೆಸರು ಹತ್ತಿದೆ, ಅದೇ ತೋಟದ ಕಾಫಿಗೆ ಹತ್ತಿಲ್ಲ. ಜೇನು ಕೊಳ್ಳುವವರು ಬೆರಳಲ್ಲಿ ಒಂದು ಹನಿ ನೆಕ್ಕಿ ನೋಡುತ್ತಾರೆ. ಜೇನು ಮಾರುವವರೂ ನೆಕ್ಕಿದವರು, ಇದು ಯಾವ ಹೂವಿನದು ಎಂದು ಹೇಳಬಲ್ಲರು. ಕಾಫಿಯಲ್ಲಿ ಹಾಗಿಲ್ಲ. ಚೀಲ ತುಂಬಿ ಲಾರಿಗೆ ಹಾಕಿ, ಆ ದುಡ್ಡಿನಲ್ಲಿ ಪೇಟೆಯ ಚಿಕೋರಿ ಬೆರೆತ ಪುಡಿ ತಂದು ಕುಡಿಯುತ್ತೇವೆ. ಕಾನೂನು ಪ್ರಕಾರ ಆ ಪೊಟ್ಟಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರಕೂಡದು ಅಷ್ಟೆ. ನನಗೆ ಚಿಕೋರಿಯ ಮೇಲೆ ಹಗೆಯೇನಿಲ್ಲ. ಸ್ವಂತ ಬೆಳೆಯ ರುಚಿ ತಿಳಿಯದೆ ಒಂದು ಜನ್ಮ ಕಳೆದುಹೋಗುವುದು ಮಾತ್ರ ಸಂಕಟದ ವಿಷಯ.

ಇನ್ನು ಬೆಲೆಯ ಮಾತು. 2024ರಲ್ಲಿ ರೊಬಸ್ಟಾ ಚೆರಿ 50 ಕೆ.ಜಿ. ಚೀಲಕ್ಕೆ 10000 ರೂಪಾಯಿ ದಾಟಿದಾಗ ನಮ್ಮ ಕಡೆ ಹಳೆ ಸಾಲ ತೀರಿದ ಮನೆಗಳಿವೆ, ನಿಂತುಹೋದ ಮನೆ ಕೆಲಸ ಮುಗಿದದ್ದಿದೆ. ಆ ಬೆಲೆಗೆ ಕಾರಣ ವಿಯೆಟ್ನಾಮಿನ ಬರ, ಬ್ರೆಜಿಲಿನ ಹವಾಮಾನ. ನಮ್ಮ ಕಣದಲ್ಲಿ ನಾವು ಮಾಡಿದ ಸುಧಾರಣೆ ಅಲ್ಲ. ಅಲ್ಲಿ ಮಳೆ ಸರಿಯಾದರೆ ಇಲ್ಲಿ ಬೆಲೆ ಇಳಿಯುತ್ತದೆ. ಬೆಲೆ ಇರುವಾಗಲೇ ಕಣಕ್ಕೆ ಸಿಮೆಂಟು ಹಾಕಿಸಿ, ಮೇಲೆ ಪಾರದರ್ಶಕ ಶೀಟು ಹೊದಿಸಿ, ಮೊದಲ ಕುಯ್ಲನ್ನು ಬೇರೆ ಇಟ್ಟು, ಒಂದಿಷ್ಟನ್ನು ರುಚಿ ನೋಡಿಸಿ ಎಂದು ಎದುರು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಬಸ್‌ಸ್ಟ್ಯಾಂಡಿನ ಉಚಿತ ಸಲಹೆಗಳ ಸಾಲಿಗೆ ಇದೂ ಸೇರಲಿ.

ಕೇಳಿಸಿಕೊಂಡವಳು ಒಬ್ಬಳಿದ್ದಾಳೆ, ಪಕ್ಕದ ತೋಟದ ಹುಡುಗಿ. ಬಿ.ಎಸ್ಸಿ. ಮುಗಿಸಿ ಮನೆಗೆ ಬಂದವಳು ಅಪ್ಪನ ಹತ್ತಿರ ವಾದ ಮಾಡಿ, ಮೇಲಿನ ಬರೆಯ ಅರೇಬಿಕಾವನ್ನು ಪೂರ್ತಿ ಹಣ್ಣಾದ ಮೇಲೇ ಕುಯ್ಯಿಸಿದಳು. ನೆಲದಿಂದ ಎತ್ತರಕ್ಕೆ ಬಲೆ ಕಟ್ಟಿ ತೆಳ್ಳಗೆ ಹರಡಿ ಒಣಗಿಸಿದಳು. ಬೆಂಗಳೂರಿಗೆ ರುಚಿ ಪರೀಕ್ಷೆಗೆ ಕಳಿಸಲು ಒಂದು ಕಿಲೋ ಬೀಜ ತೂಗಿ, ಜೊತೆಗಿಡುವ ಹಾಳೆ ಹಿಡಿದು ಮೊನ್ನೆ ನಮ್ಮ ಜಗಲಿಗೆ ಬಂದಳು. ತಳಿ, ಎತ್ತರ, ಕುಯ್ದ ದಿನ ಎಲ್ಲ ತುಂಬಿಸಿದ್ದಳು. ಒಣಗಿಸಿದ ವಿಧಾನ ಎಂಬ ಕಡೆ ಪೆನ್ನು ನಿಂತಿತ್ತು.

"ಅತ್ತೆ, ಎರಡನೇ ದಿನ ರಾತ್ರಿ ಮಳೆ ಬಂದು ಒಂದು ಬದಿ ನೆನೆದಿತ್ತಲ್ಲ, ಅದನ್ನೂ ಬರೀಬೇಕಾ?"

"ಬರಿ ಮಗಳೇ. ಎಷ್ಟು ಹೊತ್ತು ನೆನೆದಿತ್ತು ಅಂತಲೂ ಬರಿ."

"ಅಂಕ ಕಡಿಮೆ ಮಾಡಿದ್ರೆ?"

"ಮಾಡಲಿ. ಯಾಕೆ ಮಾಡಿದ್ರು ಅಂತ ಅವರನ್ನೇ ಕೇಳು. ಅದಕ್ಕೇ ತಾನೇ ನೀನು ದುಡ್ಡು ಕಟ್ತಿರೋದು?"

ಬರೆದಳು. ಸೋಮವಾರದ ಬಸ್ಸಿಗೆ ಪೊಟ್ಟಣ ಮಡಿಕೇರಿಗೆ ಹೋಗಿದೆ, ಅಲ್ಲಿಂದ ಕೊರಿಯರಿನಲ್ಲಿ ಬೆಂಗಳೂರಿಗೆ. ಉತ್ತರ ಬಂದ ದಿನ ಅಪ್ಪನನ್ನೂ ಕೂರಿಸಿ, ಹಾಳೆಯಲ್ಲಿರುವುದನ್ನು ಒಂದಕ್ಷರ ಬಿಡದೆ ಓದಿ ಹೇಳುತ್ತೇನೆ ಅಂದಿದ್ದಾಳೆ.